ಸಂಪಿನ ಗೋಡೆಯ ಕಂದು ಕಲೆ

ಸಂಪು ತೊಳೆಸುವಾಗ ಗೋಡೆಯ ಮೇಲೆ ಕಂದು ಕಲೆ ಕಂಡರೆ ಹೆಚ್ಚಿನವರು ಮೊದಲು ತರಿಸುವುದು ಆ್ಯಸಿಡ್. ದಯವಿಟ್ಟು ಬೇಡ. ಆ್ಯಸಿಡ್ ಕಲೆಯ ಜೊತೆ ಸಿಮೆಂಟನ್ನೂ ತಿನ್ನುತ್ತದೆ. ಗಾಳಿಯಾಡದ ಆ ಗುಂಡಿಯಲ್ಲಿ ಅದರ ಹೊಗೆಗೆ ಒಳಗಿಳಿದವನ ಉಸಿರು ಕಟ್ಟುತ್ತದೆ. ಆ್ಯಸಿಡ್ ಇಲ್ಲದಿದ್ದರೂ ಅಷ್ಟೆ, ಮುಚ್ಚಳ ತೆಗೆದು ಚೆನ್ನಾಗಿ ಗಾಳಿಯಾಡಲು ಬಿಡಿ, ಒಬ್ಬನೇ ಇಳಿಯುವುದು ಬೇಡವೇ ಬೇಡ.

ಈ ಕಲೆಯಲ್ಲಿ ಎರಡು ಬಗೆ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕಬ್ಬಿಣ ಗಾಳಿಯೋ ಬ್ಲೀಚಿಂಗ್ ಪೌಡರೋ ತಾಗಿದರೆ ತುಕ್ಕಾಗಿ ಗೋಡೆಗೆ ಅಂಟುತ್ತದೆ. ಇದು ನೀರು ನಿಲ್ಲುವಷ್ಟು ಎತ್ತರಕ್ಕೂ ಹರಡಿರುತ್ತದೆ, ನಿಂಬೆಹೋಳಿನಿಂದ ಉಜ್ಜಿದರೆ ತಿಳಿಯಾಗುತ್ತದೆ. ಚಿಂತೆ ಬೇಕಾದದ್ದು ಇನ್ನೊಂದಕ್ಕೆ. ಒಂದೇ ಕಡೆ ಬೊಟ್ಟಿನಂತೆ ಕಾಣಿಸಿ, ಎಷ್ಟು ಉಜ್ಜಿದರೂ ಅಲ್ಲೇ ಮತ್ತೆ ಮೂಡುವ ಕಲೆ. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗಿನ ಕಂಬಿ ತುಕ್ಕು ಹಿಡಿದಿರುವ ಸಾಧ್ಯತೆಯೇ ಹೆಚ್ಚು. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಉಬ್ಬಿ ಪ್ಲಾಸ್ಟರನ್ನು ಒಳಗಿನಿಂದಲೇ ದೂಡುತ್ತದೆ.

ಅದರ ಮೇಲೆ ಬರೀ ಸಿಮೆಂಟ್ ಹಾಲು ಬಳಿದು ಹೋಗುತ್ತೇನೆ ಎನ್ನುವ ಮೇಸ್ತ್ರಿಯ ಮಾತಿಗೆ ಒಪ್ಪಬೇಡಿ. ಟೊಳ್ಳಾದಷ್ಟನ್ನೂ ಕೆತ್ತಿಸಿ, ಕಂಬಿಯ ಹಿಂಬದಿಯನ್ನೂ ತಂತಿ ಬ್ರಷ್‌ನಿಂದ ಉಜ್ಜಿಸಿ, ತುಕ್ಕು ತಡೆಯುವ ಲೇಪ ಹಚ್ಚಿಸಿ, ಪಾಲಿಮರ್ ಬೆರೆಸಿದ ಗಾರೆ ತುಂಬಿಸಿ. ಮೇಲಿನ ವಾಟರ್‌ಪ್ರೂಫಿಂಗ್ ಕುಡಿಯುವ ನೀರಿಗೆ ಆಗುವಂಥದ್ದೇ ಎಂದು ಡಬ್ಬಿ ಓದಿ ನೋಡಿ. ಆಮೇಲೆ ಕ್ಯೂರಿಂಗ್. ಮಾಮೂಲಿ ಸಿಮೆಂಟ್ ಕೆಲಸಕ್ಕೆ ಕನಿಷ್ಠ 7 ದಿನ ಬೇಕು, ಟ್ಯಾಂಕರ್ ಬಂದು ನಿಂತಿದೆ ಎಂದು ಮೊಟಕುಗೊಳಿಸುವುದು ಇದನ್ನೇ.