ರಾಕೆಟ್ಟಿಗಿಂತ ಮೊದಲು ಹೊರಡುವ ಗಾಲಿಗಳು

ಟೀವಿಯಲ್ಲಿ ರಾಕೆಟ್ ಹಾರುವುದನ್ನು ನೋಡುವ ಮಕ್ಕಳು ಎಣಿಸುವುದು ಕೊನೆಯ ಹತ್ತು ಸೆಕೆಂಡುಗಳನ್ನು ಮಾತ್ರ. ಹೊಸಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಇಷ್ಟು ವರ್ಷಗಳಲ್ಲಿ ಅದರ ಹಿಂದಿನ ದಿನಗಳ ಬಗ್ಗೆ ಕೇಳಿದ ಹುಡುಗ ಒಬ್ಬನೇ. 2023ರ ಜುಲೈ, ಚಂದ್ರಯಾನ-3ರ ಸಮಯ. "ಸಾರ್, ಅಷ್ಟು ಎತ್ತರದ್ದನ್ನ ನಿಂತಂಗೇ ಅಲ್ಲೀತನಕ ಹೆಂಗ ಒಯ್ತಾರ್ರಿ?" ಎಂದ. ಅವನ ಅಪ್ಪ ಸಂಡೂರಿನ ಗಣಿಗಳ ಕಡೆ ಟ್ರೇಲರ್ ಓಡಿಸುವವರು. ಟ್ರೇಲರಿನವರ ಮಗನಿಗಲ್ಲದೆ ಈ ಪ್ರಶ್ನೆ ಇನ್ಯಾರಿಗೆ ಹೊಳೆಯಬೇಕು!

ಶ್ರೀಹರಿಕೋಟಾದಲ್ಲಿ ಇದಕ್ಕೆ ಎರಡು ಬಗೆಯ ಏರ್ಪಾಡುಗಳಿವೆ. ಮೊದಲನೆಯ ಉಡಾವಣಾ ಕಟ್ಟೆಯಲ್ಲಿ ಬಹುಕಾಲ ರಾಕೆಟ್ ನಿಂತಲ್ಲೇ ನಿಂತಿರುತ್ತಿತ್ತು, ಗೋಪುರವೇ ನಡೆಯುತ್ತಿತ್ತು. ಪಿಎಸ್‌ಎಲ್‌ವಿಯ ಹಂತಗಳನ್ನು ಒಂದರ ಮೇಲೊಂದು ಜೋಡಿಸಲೆಂದು ಕಟ್ಟಿದ ಈ ಉಕ್ಕಿನ ಗೋಪುರ ಸುಮಾರು 76 ಮೀಟರ್ ಎತ್ತರ. ಹಂಪಿಯ ವಿರೂಪಾಕ್ಷನ ದೊಡ್ಡ ಗೋಪುರಕ್ಕಿಂತ ಎತ್ತರದ್ದು ಹಳಿಯ ಮೇಲೆ ಹಿಂದಕ್ಕೆ ಸರಿಯುವುದನ್ನು ಊಹಿಸಿಕೊಳ್ಳಿ. 2005ರಲ್ಲಿ ಬಳಕೆಗೆ ಬಂದ ಎರಡನೆಯ ಕಟ್ಟೆಯಲ್ಲಿ ಇದು ತಿರುವುಮುರುವು. ಅಲ್ಲಿ ರಾಕೆಟ್ಟನ್ನು ಬೇರೊಂದು ಕಟ್ಟಡದೊಳಗೆ, ಚಲಿಸುವ ಪೀಠದ ಮೇಲೆ ಜೋಡಿಸಿ, ಪೀಠದ ಸಮೇತ ಹಳಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ಒಯ್ಯುತ್ತಾರೆ. ಚಂದ್ರಯಾನ-3 ಹೊತ್ತ 43.5 ಮೀಟರ್ ಎತ್ತರದ ರಾಕೆಟ್ ಹೀಗೆ ಹೊರಟದ್ದು 2023ರ ಜುಲೈ 6ರಂದು. ಅದರ ಎರಡೂ ಪಕ್ಕದ ಬೂಸ್ಟರುಗಳಲ್ಲಿ ತಲಾ 200 ಟನ್ನಿಗೂ ಹೆಚ್ಚು ಘನ ಇಂಧನ ಆಗಲೇ ತುಂಬಿತ್ತು. ಆ ಭಾರ ಎಲ್ಲಿಯೂ ಕುಲುಕಬಾರದು, ವಾಲಬಾರದು.

ಹಂಪಿಯ ತೇರಿನಲ್ಲಿ ಹಗ್ಗ ಹಿಡಿಯುವವರು ನೂರಾರು ಮಂದಿ. ಗಾಲಿಗೆ ಮರದ ಸನ್ನೆ ಕೊಡುವವರು ಮಾತ್ರ ಬೆರಳೆಣಿಕೆಯವರು. ತೇರು ನೆಟ್ಟಗೆ ಹೋಗುವುದೂ ನಿಲ್ಲುವುದೂ ಇವರ ಕೈಯಲ್ಲಿದೆ. ಫೋಟೋದಲ್ಲಿ ಇವರು ಕಾಣುವುದಿಲ್ಲ.

ಕಟ್ಟೆ ತಲುಪಿದ ಮೇಲೂ ಅದು ಹಾರಿದ್ದು ಎಂಟು ದಿನ ಕಳೆದು, ಜುಲೈ 14ರ ಮಧ್ಯಾಹ್ನ 2.35ಕ್ಕೆ. ನಡುವಿನ ದಿನಗಳಲ್ಲಿ ತಂತಿ, ಕೊಳವೆಗಳ ಜೋಡಣೆ, ಮತ್ತೆ ಮತ್ತೆ ತಪಾಸಣೆ. ಪಕ್ಕದಲ್ಲಿ ನಿಂತಿರುವುದು ಅಂಬಿಲಿಕಲ್ ಟವರ್, ಎಂದರೆ ಹೊಕ್ಕುಳಬಳ್ಳಿಯ ಗೋಪುರ. ಇಂಧನವೂ ವಿದ್ಯುತ್ತೂ ಅದರ ಮೂಲಕವೇ. ಮೇಲಿನ ಹಂತಕ್ಕೆ ಬೇಕಾದ ದ್ರವ ಜಲಜನಕ ಮೈನಸ್ 253 ಡಿಗ್ರಿಯದು. ಬೇಗ ಆವಿಯಾಗುವುದರಿಂದ ಅದನ್ನು ತುಂಬುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಕೊಳವೆಗಳನ್ನೇ ಮೆಲ್ಲಗೆ ತಣ್ಣಗಾಗಿಸಬೇಕು. ಒಮ್ಮೆಲೇ ಬಿಟ್ಟರೆ ಲೋಹ ಕುಗ್ಗಿ ಕೀಲುಗಳು ಸಡಿಲವಾದಾವು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದವರಿಗೆ ಇದು ಗೊತ್ತಿರುತ್ತದೆ.

ಎತ್ತಿನ ಗಾಡಿಯ ಮೇಲಿನ ಉಪಗ್ರಹದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಅದು 1981ರ ಆ್ಯಪಲ್. ನಮ್ಮ ಬಡತನಕ್ಕೆ ಸಾಕ್ಷಿಯೆಂದು ಅದನ್ನು ತೋರಿಸುವವರೇ ಹೆಚ್ಚು. ನಿಜವಾಗಿ, ಆಂಟೆನಾ ಪರೀಕ್ಷೆಗೆ ಲೋಹದ ಲಾರಿ ಅಡ್ಡಿಯಾಗುತ್ತದೆಂದು ಮರದ ಗಾಡಿಯನ್ನು ಆರಿಸಿಕೊಂಡದ್ದು. ಕಂಪ್ಲಿಯ ಕಬ್ಬಿನ ಗದ್ದೆಗಳಲ್ಲಿ ಕಾಣುವಂಥದೇ ಗಾಡಿ, ಅಲ್ಲಿ ಪ್ರಯೋಗಶಾಲೆಯ ಉಪಕರಣವಾಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಕೆಳಗೆ ಕಂಪ್ಲಿಯ ಕಡೆಯವರಿಗೆ ನೆರೆಯ ಭಯ, ರೈತರಿಗೆ ನೀರು ಹೋಗುತ್ತಿದೆಯೆಂಬ ಸಂಕಟ. 60 ಅಡಿ ಅಗಲದ ಉಕ್ಕಿನ ಹಲಗೆಗಳನ್ನು ಟ್ರೇಲರುಗಳಲ್ಲಿ ತಂದು, ಕ್ರೇನಿನಿಂದ ಎತ್ತಿ, ಧುಮ್ಮಿಕ್ಕುವ ನೀರಿನಲ್ಲೇ ಇಳಿಸಿದರು. ಆ ವಾರ ಹುಡುಗನ ಅಪ್ಪ ಸಿಕ್ಕಿದ್ದರು. "ಎತ್ತೋದು ದೊಡ್ಡದಲ್ಲ ಸಾರ್. ಇಳಿಸಿ ಕೂರಿಸೋದೈತಲ್ಲ, ಅದು ವಿದ್ಯೆ" ಎಂದರು.

ಅದೇ ಮನುಷ್ಯ, ಮರುವರ್ಷ ಮಗ ಎಸ್ಸೆಸ್ಸೆಲ್ಸಿ ಪಾಸಾದಾಗ, ಅವನನ್ನು ಪಿಯುಸಿ ಸೈನ್ಸಿಗೇ ಸೇರಿಸಬೇಕೆಂದು ಹಟ ಹಿಡಿದರು. ಮಗನಿಗೆ ಐಟಿಐ ಫಿಟ್ಟರ್ ಆಗುವ ಆಸೆ. ತಾಯಿ ಕಣ್ಣೀರು ಹಾಕಿದರು: "ನಿಮ್ಮಪ್ಪನ ಕೈ ಗ್ರೀಸು ನಿನಗೂ ಬೇಕೇನಪ್ಪಾ?" ಮಾತು ನನ್ನ ಮನೆಯ ಜಗಲಿಗೆ ಬಂತು. ಇಸ್ರೋ ವಿಜ್ಞಾನಿಗಳನ್ನಷ್ಟೇ ನೇಮಿಸಿಕೊಳ್ಳುವುದಿಲ್ಲ. ಐಟಿಐ ಮಾಡಿದ ಫಿಟ್ಟರು, ವೆಲ್ಡರು, ಎಲೆಕ್ಟ್ರಿಷಿಯನ್ನರನ್ನು ಟೆಕ್ನಿಷಿಯನ್ ಹುದ್ದೆಗೆ, ಡಿಪ್ಲೊಮಾ ಆದವರನ್ನು ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ, ಭಾರಿ ವಾಹನದ ಚಾಲಕರನ್ನೂ ಪರೀಕ್ಷೆ ನಡೆಸಿಯೇ ಆರಿಸಿಕೊಳ್ಳುತ್ತದೆ ಎಂದೆ. ಹುದ್ದೆಗಳು ಕಡಿಮೆ, ಪೈಪೋಟಿ ಬಹಳ ಎಂಬುದನ್ನೂ ಮುಚ್ಚಿಡಲಿಲ್ಲ. ಸುಳ್ಳು ಆಸೆ ಹುಟ್ಟಿಸುವ ಮೇಷ್ಟ್ರುಗಳು ನಮ್ಮಲ್ಲಿ ಸಾಕಷ್ಟಿದ್ದಾರೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಡ್ರೈವರಿಗೂ ಪರೀಕ್ಷೆ ಐತೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಹುಡುಗ ಐಟಿಐ ಸೇರಿದ. ಮೊದಲ ತಿಂಗಳುಗಳಲ್ಲಿ ಅವನಿಗೆ ಕೊಟ್ಟ ಕೆಲಸ ಒಂದೇ: ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಅಪ್ಪ ಬಾಟಾದ ದುಡ್ಡಿನಲ್ಲಿ ಅವನಿಗೊಂದು ವರ್ನಿಯರ್ ಕ್ಯಾಲಿಪರ್ಸ್ ಕೊಡಿಸಿದ್ದಾರೆ. ರಾತ್ರಿ ಅದರಲ್ಲಿ ತಾವೂ ಒಂದೊಂದೇ ಬೋಲ್ಟು ಅಳೆದು ನೋಡುತ್ತಾರಂತೆ.