ಚೊಂಬು ನೀರು

ನಾವು ಕೋಲಾರದ ಕಡೆಯಿಂದ ಪೀಣ್ಯದ ಕೂಲಿ ನಂಬಿಕೊಂಡು ಬಾಗಲಗುಂಟೆಗೆ ಬಂದಾಗ ಬಾಡಿಗೆ ಮನೆಗಾಗಿ ಬೀದಿ ಬೀದಿ ತಿರುಗಿದೆವು. ಎಲ್ಲ ಬಾಗಿಲಲ್ಲೂ ಒಂದೇ ಪ್ರಶ್ನೆ: 'ನೀವು ಯಾವ ಜನ?' ಕ್ರಿಶ್ಚಿಯನ್ನರು ಅಂದ್ವಿ. 'ಅದಕ್ಕೆ ಮುಂಚೆ?' ಅಂದ್ರು. ಅಪ್ಪನ ಕೊರಳಿನ ಶಿಲುಬೆಯ ಹಿಂದೆ ಅವರಿಗೆ ಹೊಲಗೇರಿಯೇ ಕಾಣುತ್ತಿತ್ತು.

ಕೊನೆಗೆ ಶೀಟಿನ ಎರಡು ಕೋಣೆ ಕೊಟ್ಟವಳು ಒಬ್ಬ ಸಾಬರ ಅಜ್ಜಿ. ಜಾತಿ ಕೇಳಲಿಲ್ಲ. 'ದೂರದಿಂದ ಬಂದಿದ್ದೀರ, ನೀರು ಕುಡೀರಿ' ಅಂದಳು. ಅವ್ವ ಊರಿನ ಅಭ್ಯಾಸದಂತೆ ಬೊಗಸೆ ಒಡ್ಡಿದಳು. ಅಜ್ಜಿ ಬೊಗಸೆ ಸರಿಸಿ ಚೊಂಬನ್ನೇ ಕೈಗಿಟ್ಟಳು.

ಮುಂದೆ ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು, 'ಇಸ್ಲಾಂ ಅಂದರೆ ಕತ್ತಿ, ಹುಷಾರು' ಎಂದು ಹೆದರಿಸಿ, ಸಾಬರ ಮನೆಗಳಿಗೆ ಹಂಚಲು ಕರಪತ್ರ ಕೊಟ್ಟರು. ಅವ್ವ ಎದ್ದು ಕೇಳಿದಳು: 'ಅಯ್ನೋರೇ, ನೀವು ಅವರ ಮನೇಲಿ ಒಂದು ಲೋಟ ನೀರು ಕುಡಿದಿದ್ದೀರಾ?' ಅವರು ಬೈಬಲ್ ಮುಚ್ಚಿ ಹಾಡು ಶುರು ಮಾಡಿದರು.

ಆ ಬೋಧಕರನ್ನಷ್ಟೇ ದೂರಿ ಫಲವಿಲ್ಲ. 1930ರಲ್ಲಿ ಲಾಹೋರಿನಲ್ಲಿ ಹೆನ್ರಿ ಮಾರ್ಟಿನ್ ಹೆಸರಿನ ಶಾಲೆ ತೆರೆದಾಗ ಇಸ್ಲಾಂ ಕಲಿಸಿದ್ದು ಮುಸ್ಲಿಮರಿಗೆ ಸುವಾರ್ತೆ ಸಾರುವುದಕ್ಕೇ. ಆಮೇಲೆ ಹೈದರಾಬಾದಿಗೆ ಬಂದ ಆ ಸಂಸ್ಥೆ ದಾರಿ ಬದಲಿಸಿ ಪರಸ್ಪರ ಅರಿವು, ಸಾಮರಸ್ಯ ಅನ್ನತೊಡಗಿತು. 1965ರಲ್ಲಿ ವ್ಯಾಟಿಕನ್ ಸಭೆಯೂ ಹಳೆಯ ಜಗಳ ಮರೆತು ಮುಸ್ಲಿಮರನ್ನು ಅರಿಯಿರಿ ಎಂದಿತು. ಆ ಮಾತು ನಮ್ಮ ಗಲ್ಲಿಯ ಕೂಟದತನಕ ಬಂದಿಲ್ಲ.

ಅರಿಯುವುದೆಂದರೆ ಎರಡೂ ಒಂದೇ ಎಂದು ಸುಳ್ಳು ಹೇಳುವುದಲ್ಲ. ಕುರಾನಿನಲ್ಲಿ ಮರಿಯಮ್ಮನ ಹೆಸರಿನದೇ ಒಂದು ಅಧ್ಯಾಯವಿದೆ. ಯೇಸು ಅಲ್ಲಿ ಈಸಾ, ಪ್ರವಾದಿ. ಆದರೆ ಅವನು ಶಿಲುಬೆಯಲ್ಲಿ ಸಾಯಲಿಲ್ಲ ಅನ್ನುತ್ತಾರೆ ಅವರು. ಶಿಲುಬೆ ಬಿಟ್ಟರೆ ನಮಗೆ ಯೇಸುವೇ ಇಲ್ಲ. ಅಜ್ಜಿಯೂ ಅವ್ವನೂ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಇದನ್ನು ಮಾತಾಡಿದ್ದಾರೆ. ಇಬ್ಬರೂ ಸೋಲಲಿಲ್ಲ, ಕಾಳು ಮಾತ್ರ ಹಂಚಿಕೊಂಡರು.

ಇನ್ನೊಂದು ಸತ್ಯ ಪುಸ್ತಕಗಳಾಚೆಗಿದೆ. ಜಾತಿ ನಮ್ಮ ಚರ್ಚಿನ ಬೆಂಚಿಗೂ ಬಂತು, ಸ್ಮಶಾನಕ್ಕೂ ಬಂತು. ಮುಸ್ಲಿಮರಲ್ಲೂ ಅಶ್ರಫ್, ಅಜ್ಲಫ್, ಅರ್ಜಲ್ ಎಂಬ ಮೇಲುಕೀಳಿದೆಯೆಂದು ಬಾಬಾಸಾಹೇಬರು ಪಾಕಿಸ್ತಾನದ ಕುರಿತ ಪುಸ್ತಕದಲ್ಲಿ ಬರೆದರು. ಆದರೂ 1950ರ ರಾಷ್ಟ್ರಪತಿ ಆದೇಶ ಹಿಂದೂಗಳನ್ನು ಬಿಟ್ಟು ಉಳಿದವರಿಗೆ ಪರಿಶಿಷ್ಟ ಜಾತಿಯ ಬಾಗಿಲು ಮುಚ್ಚಿತು. 1956ರಲ್ಲಿ ಸಿಖ್ಖರಿಗೆ ತೆರೆಯಿತು, 1990ರಲ್ಲಿ ಬೌದ್ಧರಿಗೆ ತೆರೆಯಿತು. ಹೊರಗೆ ನಿಂತವರು ದಲಿತ ಕ್ರೈಸ್ತರು, ದಲಿತ ಮುಸ್ಲಿಮರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಒಳಗೆ ಬಿಡಿ ಎಂದರೂ ಬಿಟ್ಟಿಲ್ಲ. ಒಂದೇ ಹೊಸ್ತಿಲಾಚೆ ನಿಂತವರು ಒಬ್ಬರಿಗೊಬ್ಬರು ಯಾಕೆ ಹೆದರಬೇಕು?

ಇಷ್ಟೆಲ್ಲ ತಿಳಿದ ನಾವೂ ಸಾಚಾ ಅಲ್ಲ. 2022ರಲ್ಲಿ ಹಿಜಾಬಿನ ಗಲಾಟೆ; ಅದೇ ವರ್ಷ ಮತಾಂತರ ತಡೆಯುವ ಕಾನೂನು. ಅವರ ಹೆಣ್ಣುಮಕ್ಕಳ ತಲೆವಸ್ತ್ರ, ನಮ್ಮ ಪ್ರಾರ್ಥನೆ, ಎರಡರ ಮೇಲೂ ಕಣ್ಣು. ಅಷ್ಟೊತ್ತಿಗೆ ನಾವು ಸಾಲ ಮಾಡಿ ಮನೆ ಕಟ್ಟಿ, ಮೇಲಿನ ಕೋಣೆ ಬಾಡಿಗೆಗೆ ಇಟ್ಟಿದ್ದೆವು. ಲೇತ್ ಕೆಲಸದ ಹುಡುಗನೊಬ್ಬ ಕೇಳಿಕೊಂಡು ಬಂದ. ನಮ್ಮ ಬಾಯಿಂದಲೇ ಬಂತು: 'ನೀವು ಯಾವ ಜನ?' ಮುಸ್ಲಿಂ ಅಂದ. 'ಟೈಮ್ ಸರಿಯಿಲ್ಲಪ್ಪ' ಎಂದು ನಾವು ತಡವರಿಸಿದೆವು. ಹುಡುಗ ಚಪ್ಪಲಿ ಮೆಟ್ಟಿ ಹೊರಟ.

ಒಳಗಿನಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಕೈಯಲ್ಲಿ ಚೊಂಬಿತ್ತು. 'ಮಗಾ, ನೀರು ಕುಡಿದು ಹೋಗು' ಎಂದು ಅವನನ್ನು ಕರೆದಳು. ನಮ್ಮ ಮುಖ ನೋಡಲಿಲ್ಲ.

ಆ ಹುಡುಗ ಈಗ ಮೇಲಿನ ಕೋಣೆಯಲ್ಲಿದ್ದಾನೆ. ಆದರೆ ಅವತ್ತು ಆ ಪ್ರಶ್ನೆ ಕೇಳಿದ ಬಾಯಿ ನಮ್ಮದೇ. ಅದನ್ನು ಬರೆದಿಡದೆ ಇಸ್ಲಾಮಿನ ಬಗ್ಗೆ ಏನು ಬರೆದರೂ ಅದು ಆ ಬೋಧಕರ ಕರಪತ್ರದಂಥದ್ದೇ ಆಗುತ್ತದೆ.