ಕಂಬಳಿ ಬಿಸಿ ಕೊಡುವುದಿಲ್ಲ

ಮೊನ್ನೆ ಏಳನೆಯ ತರಗತಿಯಲ್ಲಿ ಶಾಖದ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ಯಾರದೋ ನೆರಳು ಬಿತ್ತು.

"ಮಾಷ್ಟ್ರೇ, ಬರಬಹುದಾ?"

ನೋಡಿದರೆ ಹಳೆಯ ವಿದ್ಯಾರ್ಥಿ. ಇದೇ ತರಗತಿಯ ಕಿಟಕಿ ಬದಿಯ ಬೆಂಚಿನಲ್ಲಿ ಕೂರುತ್ತಿದ್ದವನು. ಈಗ ಅಮೆರಿಕದ ಕೊಲರಾಡೊದಲ್ಲಿ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ, ಬಂದಾಗ ಶಾಲೆಗೂ ಬರುತ್ತಾನೆ. ಪ್ರತಿ ಸಲ ಮಕ್ಕಳಿಗೆ ಚಾಕಲೇಟು ತರುತ್ತಿದ್ದ. ಈ ಸಲ ಅದರ ಜೊತೆಗೆ ಕಂಕುಳಲ್ಲಿ ಒಂದು ಗಂಟು. ಸಣ್ಣ ಕುಂಬಳಕಾಯಿಯಷ್ಟಿತ್ತು.

"ಏನೋ ಇದು?" ಎಂದೆ.

"ನಿಮ್ಮ ಪಾಠ ಮಾಷ್ಟ್ರೇ. ನಾನು ಸರಿಯಾಗಿ ಕಲಿಯದ ಪಾಠ" ಎಂದ. ಆಗ ನನಗೆ ಅರ್ಥವಾಗಲಿಲ್ಲ.

ಗಂಟಿನ ಬಾಯಿ ಬಿಚ್ಚಿ ಎಳೆದ. ಎಳೆದಷ್ಟೂ ಬಂತು. ಮೇಜಿನ ಮೇಲೆ ಹಾಸಿದರೆ ಆಳುದ್ದದ ಚೀಲ! ನಾವು ನೋಡುತ್ತಿದ್ದ ಹಾಗೆಯೇ ಅದು ಮೆಲ್ಲ ಮೆಲ್ಲಗೆ ಉಬ್ಬತೊಡಗಿತು. ಮಕ್ಕಳು ಬೆಂಚು ಬಿಟ್ಟು ಎದ್ದು ನಿಂತರು. ಸ್ಲೀಪಿಂಗ್ ಬ್ಯಾಗ್. ಒಳಗೆ ತೂರಿಕೊಂಡು, ಜಿಪ್ ಎಳೆದು, ಮುಖ ಮಾತ್ರ ಹೊರಗಿಟ್ಟು ಮಲಗುವ ಚೀಲ. ಭುಜದ ಹತ್ತಿರ ಅಗಲ, ಕಾಲಿನ ಹತ್ತಿರ ಕಿರಿದು. ನಮ್ಮ ಊರಿನಲ್ಲಿ ಧನುರ್ಮಾಸದ ಬೆಳಗ್ಗೆ ಉಷ್ಣತೆ 20 ಡಿಗ್ರಿಗೆ ಬಂದರೆ ತಲೆಗೆ ಬೈರಾಸು ಸುತ್ತಿಕೊಳ್ಳುವವರು ನಾವು. ನಮ್ಮ ಮಕ್ಕಳಿಗೆ ಇದೊಂದು ಅದ್ಭುತ.

"ಅಣ್ಣಾ, ಇದರಲ್ಲಿ ಎಲ್ಲಿ ಮಲಗುವುದು?"

"ಕಾಡಿನಲ್ಲಿ. ಬೇಟೆಗೆ ಹೋದಾಗ."

ಬೇಟೆ ಎಂದ ಕೂಡಲೇ ತರಗತಿ ಗದ್ದಲ. "ಹಂದಿಯಾ ಅಣ್ಣಾ?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ. ನಮ್ಮಲ್ಲಿ 1972ರ ಕಾನೂನು ಬಂದ ಮೇಲೆ ಶಿಕಾರಿ ಅಪರಾಧ ಎಂದು ನಾನು ನೆನಪಿಸಬೇಕಾಯಿತು. ಅವನೇ ವಿವರಿಸಿದ. ಅಲ್ಲಿಯ ಪ್ರಾಣಿ ಎಲ್ಕ್. ನಮ್ಮ ಕಡವೆಯ ಕುಲದ್ದು. ಗಂಡು 300 ಕಿಲೋವರೆಗೂ ತೂಗುತ್ತದೆ. ಬೇಟೆಗೆ ಲೈಸೆನ್ಸು ಬೇಕು, ತರಬೇತಿಯ ಸರ್ಟಿಫಿಕೇಟು ಬೇಕು. ಬಂದೂಕಿನ ಬೇಟೆಯ ದಿನಗಳಲ್ಲಿ ಬೇಟೆಗಾರ ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ, ಟೊಪ್ಪಿ ಹಾಕಲೇಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬಂದರೆ ಅದೂ ಅಪರಾಧವೇ. ಇವನು ಗುಂಡು ಹೊಡೆಯುವವನಲ್ಲ. ಜೊತೆಗೆ ಕೆಲಸ ಮಾಡುವ ಒಬ್ಬಾತ ಪ್ರತಿ ಅಕ್ಟೋಬರಿನಲ್ಲಿ ಹೋಗುತ್ತಾನೆ. ಇವನು ಜೊತೆಗಾರ, ಹೊರೆಯಾಳು.

"ಸಂಬಳ ಇಲ್ಲದ ಕೂಲಿ" ಎಂದು ನಕ್ಕ.

ಹೇಗೂ ಶಾಖದ ಪಾಠ ತಾನೇ. ನನಗೊಂದು ಉಪಾಯ ಹೊಳೆಯಿತು. ಶಾಲೆಯ ಎದುರಿನ ರಸ್ತೆಯಲ್ಲಿ ಮೀನಿನವ ಬರುವ ಹೊತ್ತು. ಇಬ್ಬರು ಹುಡುಗರನ್ನು ಕಳಿಸಿ ಐಸು ತರಿಸಿದೆ. ಎರಡು ಸ್ಟೀಲ್ ಡಬ್ಬಿಗಳಲ್ಲಿ ಸಮ ಸಮ ತುಂಬಿಸಿ ಮುಚ್ಚಳ ಹಾಕಿದೆವು. ಒಂದು ಮೇಜಿನ ಮೇಲೆ, ಇನ್ನೊಂದು ಚೀಲದ ಒಳಗೆ.

"ಯಾವುದು ಮೊದಲು ಕರಗುತ್ತದೆ? ಕೈ ಎತ್ತಿ."

ಇರುವುದೇ ಹದಿನಾಲ್ಕು ಮಕ್ಕಳು. ಹನ್ನೊಂದು ಕೈ ಚೀಲದ ಕಡೆಗೆ. "ಚೀಲ ಬೆಚ್ಚಗೆ ಅಲ್ವಾ ಮಾಷ್ಟ್ರೇ, ಅದರೊಳಗಿಟ್ಟರೆ ಬೇಗ ಕರಗುತ್ತದೆ."

ಐಸು ಕರಗುವ ತನಕ ಅವನು ಚೀಲದ ಕಥೆ ಹೇಳಿದ. ಒಳಗೆ ಇರುವುದು ಬಾತುಕೋಳಿಯ ಎದೆಯ ಮೆತ್ತನೆ ತುಪ್ಪುಳ. ಅದರ ಗುಣವನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. 800 ಎಂದರೆ ಒಂದು ಔನ್ಸ್ ತುಪ್ಪುಳ ಅರಳಿ 800 ಘನ ಅಂಗುಲ ಜಾಗ ತುಂಬುತ್ತದೆ. ಬೋರ್ಡಿನಲ್ಲಿ ಲೆಕ್ಕ ಮಾಡಿಸಿದೆ. 28 ಗ್ರಾಂ ತುಪ್ಪುಳ, 13 ಲೀಟರ್ ಜಾಗ. ಒಂದು ಹಿಡಿ ತುಪ್ಪುಳಕ್ಕೆ ಒಂದು ಕೊಡ ಗಾಳಿ! ಆ ಗಾಳಿ ಅಲ್ಲಾಡದೆ ನಿಂತಿರುವುದರಿಂದ ಒಳಗಿನ ಶಾಖ ಹೊರಗೆ ಹೋಗುವುದು ನಿಧಾನ. ಆದರೆ ತುಪ್ಪುಳ ಒದ್ದೆಯಾದರೆ ಮುದ್ದೆಯಾಗುತ್ತದೆ, ಗಾಳಿ ಹೋಯಿತು, ಬೆಚ್ಚಗೂ ಹೋಯಿತು. ಕೃತಕ ನೂಲು ತುಂಬಿದ ಚೀಲಗಳೂ ಇವೆ. ಅವು ಹೆಚ್ಚು ಭಾರ, ಮಡಚಿದರೂ ದೊಡ್ಡ ಗಂಟು. ಆದರೆ ಒದ್ದೆಯಾದರೂ ಪೂರ್ತಿ ಕೈ ಬಿಡುವುದಿಲ್ಲ, ಬೆಲೆಯೂ ಕಡಿಮೆ.

ಬೆಲ್ ಹೊಡೆಯುವ ಮೊದಲು ಡಬ್ಬಿ ತೆರೆದೆವು. ಮೇಜಿನ ಮೇಲಿನದರಲ್ಲಿ ಅರ್ಧಕ್ಕರ್ಧ ನೀರು. ಚೀಲದ ಒಳಗಿನದರಲ್ಲಿ ಐಸಿನ ಅಂಚು ಮಾತ್ರ ಸ್ವಲ್ಪ ಒದ್ದೆ. ಹನ್ನೊಂದು ಮಂದಿಯ ಮುಖ ನೋಡಬೇಕಿತ್ತು! ಒಬ್ಬಳು ಹುಡುಗಿ ಮಾತ್ರ "ಮೀನಿನವನ ಥರ್ಮಾಕೋಲ್ ಪೆಟ್ಟಿಗೆಯೂ ಹೀಗೇ ಅಲ್ವಾ" ಎಂದಳು. ಅವಳು ಮೊದಲೇ ಆ ಕಡೆಗೆ ಕೈ ಎತ್ತಿರಲಿಲ್ಲ.

ಮಕ್ಕಳು ಊಟಕ್ಕೆ ಹೋದರು. ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಅವನು ಚೀಲವನ್ನು ತುರುಕುತ್ತಾ ಇದ್ದ. ಆಗ ಕೇಳಿದೆ, "ಕಲಿಯದ ಪಾಠ ಅಂದೆಯಲ್ಲ, ಏನದು?"

"ಇದು ನನ್ನ ಎರಡನೆಯ ಚೀಲ ಮಾಷ್ಟ್ರೇ. ಮೊದಲನೆಯದರಲ್ಲಿ ನಾನು ಸಾಯಬೇಕಿತ್ತು."

ನಾನು ಸುಮ್ಮನೆ ಕೂತೆ. ಅವನು ಹೇಳುತ್ತಾ ಹೋದ.

ಮೊದಲ ವರ್ಷ ಅಂಗಡಿಗೆ ಹೋಗಿ ಅಗ್ಗದ ಒಂದು ಚೀಲ ಕೊಂಡಿದ್ದನಂತೆ. ಮೇಲೆ ದೊಡ್ಡದಾಗಿ 20 ಎಂದು ಬರೆದಿತ್ತು. ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ 7 ಡಿಗ್ರಿ ಕೆಳಗೆ. ಹವಾಮಾನದವರು ಹೇಳಿದ್ದು 25, ಅಂದರೆ ಸೊನ್ನೆಗಿಂತ 4 ಕೆಳಗೆ. ಹಾಗಾದರೆ ಧಾರಾಳ ಆಯಿತಲ್ಲ ಎಂದುಕೊಂಡ. ಕಾಲೇಜಿನವರೆಗೂ ಲೆಕ್ಕದಲ್ಲಿ ಮುಂದಿದ್ದ ಹುಡುಗ.

ಬಿಡಾರ ಹಾಕಿದ್ದು 10,000 ಅಡಿ ಎತ್ತರದಲ್ಲಿ, ತೊರೆಯ ಪಕ್ಕದ ತಗ್ಗಿನಲ್ಲಿ. ರಾತ್ರಿ ತಂಪು ಗಾಳಿ ನೀರಿನ ಹಾಗೆ ಹರಿದು ತಗ್ಗಿನಲ್ಲೇ ನಿಲ್ಲುತ್ತದೆ. ಅಲ್ಲಿ ಹವಾಮಾನದವರು ಹೇಳಿದ್ದಕ್ಕಿಂತ ಚಳಿ ಹೆಚ್ಚು. ಇಡೀ ದಿನ ಏರು ಹತ್ತಿ ಬೆವರಿದ್ದ. ಹತ್ತಿಯ ಬನಿಯನ್ ಒದ್ದೆ. ಬದಲಿಸಲು ಉದಾಸೀನ. ಸುಸ್ತಿಗೆ ಊಟವೂ ಸೇರಲಿಲ್ಲ. ಚೀಲದ ಅಡಿಯಲ್ಲಿ ತೆಳ್ಳಗಿನ ಒಂದು ಯೋಗದ ಹಾಸು.

ಮಧ್ಯರಾತ್ರಿ ಕಳೆದ ಮೇಲೆ ನಡುಕ ಶುರುವಾಯಿತು. ಹಲ್ಲು ಕಟಕಟ. ಎದ್ದು ಕೂರೋಣವೆಂದರೆ ಬೆರಳಿಗೆ ಜಿಪ್ ಸಿಗುತ್ತಿಲ್ಲ. ಸದ್ದಿಗೆ ಜೊತೆಗಾರ ಎದ್ದ. ಏನಾಯಿತು, ಇವತ್ತು ಯಾವ ವಾರ ಎಂದೆಲ್ಲ ಕೇಳಿದ.

"ಅವನು ಇಂಗ್ಲಿಷಿನಲ್ಲಿ ಕೇಳುತ್ತಿದ್ದ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆನಂತೆ ಮಾಷ್ಟ್ರೇ. ಅದೂ ನಾಲಿಗೆ ತೊದಲುತ್ತಾ. ನನಗೇನೂ ನೆನಪಿಲ್ಲ. ಅವನಿಗೆ ಭಾಷೆ ಗೊತ್ತಿಲ್ಲದಿದ್ದರೂ ವಿಷಯ ಗೊತ್ತಾಯಿತು."

ಆತ ಅನುಭವಿ. ಒದ್ದೆ ಬಟ್ಟೆ ತೆಗೆಸಿ ಒಣ ಉಣ್ಣೆಯ ಬಟ್ಟೆ ಹಾಕಿಸಿದ. ಅಡಿಗೆ ತನ್ನ ದಪ್ಪ ಹಾಸು ಕೊಟ್ಟ. ನೀರು ಬಿಸಿ ಮಾಡಿ, ನುಂಗಲು ಆಗುತ್ತದೆ ಎಂದು ಖಚಿತ ಮಾಡಿಕೊಂಡು, ಸಕ್ಕರೆ ಹಾಕಿ ಕುಡಿಸಿದ. ಇನ್ನೊಂದು ಬಾಟಲಿ ಬಿಸಿನೀರನ್ನು ಕಾಲುಚೀಲಕ್ಕೆ ತುರುಕಿ ಎದೆಗೆ ಕೊಟ್ಟ. ಬೆಳಗಾಗುವ ತನಕ ಒತ್ತಿ ಕೂತು ಮಾತಾಡಿಸುತ್ತಲೇ ಇದ್ದ. ಬೆಳಗ್ಗೆ ಬೇಟೆಯೂ ಇಲ್ಲ, ಏನೂ ಇಲ್ಲ. ಇವನನ್ನು ಕೆಳಗಿಳಿಸಿ ಕರೆದುಕೊಂಡು ಬಂದ.

"ಮನೆಯಲ್ಲಿ ಹೇಳಿದೆಯಾ?"

"ಇಲ್ಲ. ಅಮ್ಮನಿಗೆ ಗೊತ್ತಾದರೆ ಅಮೆರಿಕವೇ ಬೇಡ ಅಂದಾಳು. ನೀವು ಬೇಕಾದರೆ ಬರೆಯಿರಿ, ಹೆಸರು ಮಾತ್ರ ಬೇಡ."

ಆಮೇಲೆ ಅವನು ಆ 20 ಎಂಬ ಅಂಕಿಯ ಹಿಂದೆ ಬಿದ್ದ. ಗೊತ್ತಾದದ್ದು ಇಷ್ಟು. ಚೀಲಗಳನ್ನು ಅಳೆಯುವ ಒಂದು ಕ್ರಮವಿದೆ. ಯುರೋಪಿನಲ್ಲಿ 2002ರಲ್ಲಿ ಬಂದದ್ದು, 2016ರಲ್ಲಿ ಐಎಸ್‌ಒ 23537 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಬಿಸಿ ಮಾಡಿದ ಗೊಂಬೆಯೊಂದನ್ನು ಚೀಲದಲ್ಲಿ ಮಲಗಿಸಿ ತಣ್ಣನೆಯ ಕೋಣೆಯಲ್ಲಿಟ್ಟು ಅಳೆಯುತ್ತಾರೆ. ಅದರಿಂದ ಬರುವ ಮುಖ್ಯ ಅಂಕಿ ಮೂರು. ಮೊದಲನೆಯದು ಹಾಯಾಗಿ ಮಲಗುವ ಅಂಕಿ, ಇದನ್ನು ಹೆಂಗಸರ ಮೈಗೆ ಹೊಂದಿಸಿ ಹೇಳುವುದು. ಎರಡನೆಯದು ಕೊನೆಯ ಮಿತಿ, ಗಂಡಸೊಬ್ಬ ಮುದುಡಿಕೊಂಡು ಹೇಗೋ ಎಂಟು ಗಂಟೆ ನಿದ್ದೆ ಮಾಡಬಹುದಾದದ್ದು. ಮೂರನೆಯದು ಬರೇ ಜೀವ ಉಳಿಯುವ ಅಂಕಿ. ನಿದ್ದೆ ಇಲ್ಲ, ಅಪಾಯ ಇದ್ದೇ ಇದೆ. ಚೀಲದ ಮೇಲೆ ದೊಡ್ಡದಾಗಿ ಬರೆಯುವುದು ಹೆಚ್ಚಾಗಿ ಮಿತಿಯ ಅಂಕಿ. ಮಿತಿ ಸೊನ್ನೆಗಿಂತ 7 ಕೆಳಗೆ ಇದ್ದರೆ, ಹಾಯಾಗಿ ಮಲಗುವ ಅಂಕಿ ಸೊನ್ನೆಯ ಹತ್ತಿರವೇ ಇರುತ್ತದೆ. ಈ ಪರೀಕ್ಷೆಯನ್ನೇ ಮಾಡಿಸದೆ ಅಂಕಿ ಬರೆದ ಚೀಲಗಳೂ ಸಿಗುತ್ತವೆ. ಇವನದ್ದು ಅಂಥದ್ದು.

ಇನ್ನೊಂದು ವಿಷಯ. ಆ ಗೊಂಬೆಗೆ ಒಣ ಒಳಉಡುಪು ಹಾಕಿರುತ್ತಾರೆ, ಅಡಿಗೆ ಹಾಸು ಕೊಟ್ಟಿರುತ್ತಾರೆ. ಗೊಂಬೆ ಬೆಟ್ಟ ಹತ್ತಿ ಬೆವರಿರುವುದಿಲ್ಲ, ಊಟ ಬಿಟ್ಟಿರುವುದಿಲ್ಲ!

ಹಾಗಾದರೆ ಎರಡನೆಯದನ್ನು ಹೇಗೆ ಆರಿಸಿದೆ ಎಂದು ಕೇಳಿದೆ. ಬೆರಳು ಮಡಚಿ ಹೇಳಿದ. ಮಿತಿಯ ಅಂಕಿ ಬಿಟ್ಟು ಹಾಯಾಗಿ ಮಲಗುವ ಅಂಕಿ ನೋಡುವುದು. ಅದೂ ಹೋಗುವ ಜಾಗದ ಅತಿ ಕೆಟ್ಟ ರಾತ್ರಿಗಿಂತ ನಾಲ್ಕೈದು ಡಿಗ್ರಿ ಕೆಳಗೆ ಇರುವಂಥದ್ದು. ಬೇಟೆಗಾರನಿಗೆ ಭಾರವೂ ಮುಖ್ಯ. ಎಲ್ಕ್ ಸಿಕ್ಕಿದರೆ ಮೂಳೆ ತೆಗೆದ ಮಾಂಸವೇ 100 ಕಿಲೋದ ಹತ್ತಿರ, ಎಲ್ಲ ಬೆನ್ನಿನ ಮೇಲೆಯೇ ಬರಬೇಕು. ಅದಕ್ಕೇ ಇವನು ಹಗುರವಾದ ತುಪ್ಪುಳದ್ದು ತೆಗೆದುಕೊಂಡ, ನೀರು ಹೋಗದ ಚೀಲದಲ್ಲಿ ಹಾಕಿ ಒಯ್ಯುತ್ತಾನೆ. ದಿನಗಟ್ಟಲೆ ಮಳೆ ಹೊಯ್ಯುವ ಕಾಡಾದರೆ ಕೃತಕ ನೂಲಿನದ್ದೇ ವಾಸಿ. ಮೈಗಿಂತ ತೀರಾ ದೊಡ್ಡದಾದರೆ ಒಳಗಿನ ಖಾಲಿ ಜಾಗವನ್ನೂ ನಾವೇ ಬಿಸಿ ಮಾಡಬೇಕು, ತೀರಾ ಬಿಗಿಯಾದರೆ ತುಪ್ಪುಳ ಅಮುಕಿಹೋಗುತ್ತದೆ. ಅದಕ್ಕೇ ಅಂಗಡಿಯಲ್ಲೇ ಒಳಗೆ ಮಲಗಿ ನೋಡಬೇಕು. ಇನ್ನು ಬೆನ್ನಿನ ಅಡಿಯ ತುಪ್ಪುಳ ನಮ್ಮ ಭಾರಕ್ಕೆ ಚಪ್ಪಟೆ. ಆದ್ದರಿಂದ ನೆಲದ ಚಳಿ ತಡೆಯುವುದು ಹಾಸು, ಚೀಲವಲ್ಲ. "ದುಡ್ಡು ಇಬ್ಭಾಗ ಮಾಡಿ ಹಾಸಿಗೂ ಇಡಬೇಕು ಮಾಷ್ಟ್ರೇ." ಮಲಗಲು ಮಾತ್ರ ಎಂದು ಒಂದು ಜೊತೆ ಒಣ ಬಟ್ಟೆ ಬೇರೆಯೇ ಇಡಬೇಕು. ಊಟ ಮಾಡಿಯೇ ಮಲಗಬೇಕು. ತಿಂಡಿ ಮಾತ್ರ ಡೇರೆಯೊಳಗೆ ಇಡಬಾರದು, ಕರಡಿ ಬರುತ್ತದೆ. ಮನೆಗೆ ಬಂದ ಮೇಲೆ ಚೀಲವನ್ನು ಗಂಟು ಕಟ್ಟಿ ಇಡದೆ ಸಡಿಲವಾಗಿ ತೂಗುಹಾಕಬೇಕು, ಇಲ್ಲದಿದ್ದರೆ ತುಪ್ಪುಳ ಮತ್ತೆ ಅರಳುವುದಿಲ್ಲ.

ಎಲ್ಲ ಹೇಳಿ ಮುಗಿಸಿ ಅವನೆಂದ, "ಕಂಬಳಿ ಬಿಸಿ ಕೊಡುವುದಿಲ್ಲ ಅಂತ ನೀವು ಹೇಳಿದ್ದಿರಿ. ನಾನು ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ."

ಬರೆದಿದ್ದ, ಹೌದು. ಪೂರ್ತಿ ಅಂಕ ಕೊಟ್ಟವನು ನಾನೇ. "ಉಣ್ಣೆಯು ಉಷ್ಣದ ಅವಾಹಕ" ಎಂದು ಬೋರ್ಡಿನಲ್ಲಿ ಬರೆದು, ಬಾಯಿಪಾಠ ಮಾಡಿಸಿ, ಮುಂದಿನ ಪಾಠಕ್ಕೆ ಹೋದವನೂ ನಾನೇ. ಅವತ್ತು ಐಸೂ ತರಿಸಿರಲಿಲ್ಲ, ಡಬ್ಬಿಯೂ ಇಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೇ ಚಳಿ ಗೊತ್ತಿಲ್ಲ. ನನ್ನ ಅಜ್ಜ ಗದ್ದೆಯ ಬದಿಯ ಗುಡಿಸಲಿನಲ್ಲಿ ಕಂಬಳಿ ಹೊದ್ದು ರಾತ್ರಿಯಿಡೀ ಹಂದಿ ಕಾಯುತ್ತಿದ್ದರು. ಹೋಗುವ ಮೊದಲು ಹೊಟ್ಟೆ ತುಂಬ ಗಂಜಿ ಉಣ್ಣುತ್ತಿದ್ದರು, ನೆಲಕ್ಕೆ ದಪ್ಪಗೆ ಬೈಹುಲ್ಲು ಹಾಸುತ್ತಿದ್ದರು. ಯಾಕೆಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಪಾಠವನ್ನು ಬೇರೆಯೇ ರೀತಿ ಮಾಡುತ್ತಿದ್ದೆ.

ಅವನು ಆ ವಾರವೇ ಹೊರಟುಹೋದ. ಚೀಲವನ್ನೂ ತೆಗೆದುಕೊಂಡು ಹೋದ, ಅಕ್ಟೋಬರಿಗೆ ಬೇಕಲ್ಲ.

ನಿನ್ನೆ ಕಿರುಪರೀಕ್ಷೆ ಇಟ್ಟೆ. ಕಂಬಳಿ ನಮ್ಮನ್ನು ಹೇಗೆ ಬೆಚ್ಚಗಿಡುತ್ತದೆ? ಮೂರು ಅಂಕದ ಪ್ರಶ್ನೆ. ಮೀನಿನ ಪೆಟ್ಟಿಗೆಯ ಮಾತು ತೆಗೆದ ಆ ಹುಡುಗಿ ಹೀಗೆ ಬರೆದಿದ್ದಳು: "ಕಂಬಳಿ ಬಿಸಿ ಕೊಡುವುದಿಲ್ಲ. ನಮ್ಮ ಬಿಸಿಯನ್ನು ಹೊರಗೆ ಬಿಡದೆ ಇಟ್ಟುಕೊಡುತ್ತದೆ. ಆದ್ದರಿಂದ ಊಟ ಮಾಡಿ, ಒಣ ಅಂಗಿ ಹಾಕಿ ಮಲಗಬೇಕು."

ಕೊನೆಯ ವಾಕ್ಯ ಪಠ್ಯಪುಸ್ತಕದಲ್ಲಿ ಇಲ್ಲ. ಮೂರಕ್ಕೆ ನಾಲ್ಕು ಕೊಟ್ಟೆ. ತಪ್ಪಾಯಿತಾ? ನೀವೇ ಹೇಳಿ.